ತೂಕದ ತಕ್ಕಡಿ, ರಕ್ತದ ಲೆಕ್ಕ

ಅನ್ನ, ಚಪಾತಿ, ಮುದ್ದೆ, ಸಕ್ಕರೆಗಳನ್ನು ತಟ್ಟೆಯಿಂದ ದೂರವಿಟ್ಟು ತೂಕ ಇಳಿಸಿಕೊಳ್ಳುವ ಪಥ್ಯ ಇಂದು ನಮ್ಮ ನಗರಗಳಲ್ಲಿ ಮನೆಮಾತಾಗಿದೆ. ಈ ಪಥ್ಯ ಹಿಡಿದ ಕೆಲವರಿಗೆ ಕೆಲವೇ ತಿಂಗಳಲ್ಲಿ ಎರಡು ವಿರುದ್ಧ ಸುದ್ದಿಗಳು ಒಟ್ಟಿಗೆ ಬರುತ್ತವೆ. ತಕ್ಕಡಿ ತೂಕ ಇಳಿದಿದೆ ಎನ್ನುತ್ತದೆ. ರಕ್ತಪರೀಕ್ಷೆಯ ವರದಿ ಕೊಲೆಸ್ಟ್ರಾಲ್ ಏರಿದೆ ಎನ್ನುತ್ತದೆ. ಆಗ ಒಬ್ಬರು ಹೆದರಿ ಪಥ್ಯವನ್ನೇ ಬಿಡುತ್ತಾರೆ. ಇನ್ನೊಬ್ಬರು ಕೊಲೆಸ್ಟ್ರಾಲ್ ಎಂಬುದೇ ಒಂದು ಕಟ್ಟುಕತೆ ಎಂಬ ಮಾತನ್ನು ನಂಬಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುತ್ತಾರೆ. ಈ ಎರಡೂ ನಿರ್ಧಾರಗಳ ಹಿಂದೆ ಇರುವುದು ಒಂದೇ ಗೊಂದಲವೆಂದು ನಮಗೆ ತೋರುತ್ತದೆ. ತೂಕ ಇಳಿಸುವ ಪಥ್ಯಕ್ಕೆ ಒಂದು ಚರಿತ್ರೆಯಿದೆ. ಕೊಲೆಸ್ಟ್ರಾಲಿಗೆ ಇನ್ನೊಂದು ಚರಿತ್ರೆಯಿದೆ. ಬಹುಕಾಲ ಇವೆರಡೂ ಬೇರೆ ಬೇರೆ ದಾರಿಗಳಲ್ಲಿ ನಡೆದವು. ಅವು ಎಲ್ಲಿ ಸೇರಿದವು ಎಂಬುದನ್ನು ತಿಳಿದರೆ ಕೈಯಲ್ಲಿರುವ ವರದಿಯನ್ನು ಓದುವುದು ಸ್ವಲ್ಪ ಸುಲಭವಾದೀತು.

ಮೊದಲ ಚರಿತ್ರೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. ವಿಲಿಯಂ ಬ್ಯಾಂಟಿಂಗ್ ಅಲ್ಲಿ ಗಣ್ಯರ ಶವಸಂಸ್ಕಾರದ ವ್ಯವಸ್ಥೆಗಳನ್ನು ಮಾಡಿಸುತ್ತಿದ್ದ ಉದ್ಯಮಿ. (ಇನ್ಸುಲಿನ್ ಸಂಶೋಧನೆಯ ಫ್ರೆಡರಿಕ್ ಬ್ಯಾಂಟಿಂಗ್ ಬೇರೆ.) 1862ರಲ್ಲಿ ಅವರಿಗೆ ಅರವತ್ತಾರರ ಸುಮಾರು ವಯಸ್ಸು, ಐದೂಕಾಲು ಅಡಿಗಿಂತ ತುಸು ಹೆಚ್ಚಿನ ಎತ್ತರ, 202 ಪೌಂಡ್ ತೂಕ. ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 92 ಕಿಲೋ. ದೋಣಿ ನಡೆಸಿ ನೋಡಿದರು, ಉಗಿಸ್ನಾನ ಮಾಡಿ ನೋಡಿದರು; ಮೈ ಕರಗಲಿಲ್ಲ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರ ಬಳಿ ಹೋದಾಗ, ಅವರು ಬೊಜ್ಜಿನ ಕಡೆಗೆ ಬೆರಳು ತೋರಿಸಿದರು. ಯಕೃತ್ತು ಸಕ್ಕರೆಯನ್ನು ತಯಾರಿಸುತ್ತದೆಂದು ತೋರಿಸಿಕೊಟ್ಟ ಕ್ಲೋಡ್ ಬರ್ನಾರ್ಡರ ವಿಚಾರಗಳನ್ನು ಹಾರ್ವೆ ಪ್ಯಾರಿಸಿನಲ್ಲಿ ಕೇಳಿ ಬಂದಿದ್ದರು. ಸಕ್ಕರೆ ಮತ್ತು ಪಿಷ್ಟಕ್ಕೂ ಮೈಯ ಕೊಬ್ಬಿಗೂ ನಂಟಿರಬೇಕೆಂದು ಊಹಿಸಿ, ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಲು ಹೇಳಿದರು. ಮಾಂಸ, ಮೀನು, ತರಕಾರಿಗಳಿಗೆ ಅಡ್ಡಿಯಿರಲಿಲ್ಲ.

ಸುಮಾರು ಒಂದು ವರ್ಷದಲ್ಲಿ ಬ್ಯಾಂಟಿಂಗ್ 46 ಪೌಂಡ್ ಇಳಿದರು. 1863ರಲ್ಲಿ ತಮ್ಮ ಅನುಭವವನ್ನು ಸ್ಥೂಲಕಾಯದ ಬಗ್ಗೆ ಸಾರ್ವಜನಿಕರಿಗೆ ಬರೆದ ಪತ್ರವಾಗಿ ಪ್ರಕಟಿಸಿದರು. ಆ ಚಿಕ್ಕ ಪುಸ್ತಕ ಎಷ್ಟು ಹಬ್ಬಿತೆಂದರೆ ಅವರ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವ ಪಥ್ಯ ಮಾಡುವುದಕ್ಕೆ ಇಂದಿಗೂ ‘ಬಾಂಟ’ ಎಂಬ ಪದವಿದೆ. ಅವರು ಎಂಬತ್ತು ದಾಟಿ ಬದುಕಿ 1878ರಲ್ಲಿ ತೀರಿಕೊಂಡರು. ಈ ಪಥ್ಯದಿಂದ ಅವರ ರಕ್ತದಲ್ಲಿ ಏನಾಯಿತೆಂದು ಯಾರೂ ನೋಡಲಿಲ್ಲ. ನೋಡಬೇಕೆಂಬ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ. ಹಾರ್ವೆ ಅವರ ಪ್ರಶ್ನೆ ಸಕ್ಕರೆಯದು, ಬ್ಯಾಂಟಿಂಗರ ಪ್ರಶ್ನೆ ತೂಕದ್ದು. ಹೃದಯದ ರಕ್ತನಾಳಗಳು ಆ ಕತೆಯಲ್ಲಿ ಬರುವುದೇ ಇಲ್ಲ.

ಎರಡನೆಯ ಚರಿತ್ರೆಯ ಮೊದಲ ವಸ್ತು ಪಿತ್ತಕೋಶದ ಕಲ್ಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೋಲ್ ಆ ಕಲ್ಲುಗಳಿಂದ ದೊರೆತ ಮೇಣದಂತಹ ವಸ್ತುವಿಗೆ ಪಿತ್ತ, ಘನ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಹೆಸರಿಟ್ಟರು. ಈ ವಸ್ತುವಿಗೂ ರಕ್ತನಾಳದ ರೋಗಕ್ಕೂ ಸಂಬಂಧ ಕಟ್ಟಿದ್ದು ನೂರು ವರ್ಷಗಳ ಬಳಿಕ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. 1913ರಲ್ಲಿ ನಿಕೊಲಾಯ್ ಅನಿಚ್ಕೊವ್ ಮತ್ತು ಅವರ ಜೊತೆಗಾರ ಖಲಾಟೊವ್ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮೊಲಗಳ ಮಹಾಪಧಮನಿಯಲ್ಲಿ ಕೊಬ್ಬಿನ ಗೆರೆಗಳು ಮೂಡಿದವು. ಆದರೆ ಇಲಿಗಳಲ್ಲಿ, ನಾಯಿಗಳಲ್ಲಿ ಅಷ್ಟು ಸುಲಭವಾಗಿ ಹೀಗಾಗಲಿಲ್ಲ. ಹುಲ್ಲು ತಿನ್ನುವ ಮೊಲದ ದೇಹಕ್ಕೆ ಕೊಲೆಸ್ಟ್ರಾಲ್ ಅಪರಿಚಿತ ಆಹಾರ. ಮೊಲದ ಪಾಠ ಮನುಷ್ಯನಿಗೆ ಎಷ್ಟು ಅನ್ವಯಿಸುತ್ತದೆ ಎಂಬ ತಕರಾರು ಅಂದೇ ಹುಟ್ಟಿಕೊಂಡಿತು.

ಈ ನಡುವೆ ಒಂದು ಅಪರೂಪದ ಪ್ರಯೋಗ ನಡೆಯಿತು. ಉತ್ತರಧ್ರುವದ ಕಡೆಯ ಇನ್ಯೂಟ್ ಜನರೊಂದಿಗೆ ವರ್ಷಗಟ್ಟಲೆ ಬದುಕಿದ್ದ ಅನ್ವೇಷಕ ವಿಲ್ಯಾಲ್ಮರ್ ಸ್ಟೆಫಾನ್ಸನ್, ಮಾಂಸವೊಂದನ್ನೇ ತಿಂದು ಮನುಷ್ಯ ಆರೋಗ್ಯವಾಗಿರಬಲ್ಲ ಎನ್ನುತ್ತಿದ್ದರು. 1928ರಲ್ಲಿ ಅವರೂ ಅವರ ಸಹಚರ ಕಾರ್ಸ್ಟನ್ ಆಂಡರ್ಸನ್ನರೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಈ ಆಹಾರಕ್ರಮವನ್ನು ಆರಂಭಿಸಿ ಒಂದು ವರ್ಷ ನಡೆಸಿದರು. ಮೊದಲಿಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಸ್ಟೆಫಾನ್ಸನ್ ಕಾಯಿಲೆ ಬಿದ್ದರು. ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡರು. ವರ್ಷ ಕಳೆದಾಗ ಇಬ್ಬರಲ್ಲೂ ದೊಡ್ಡ ಹಾನಿಯೇನೂ ಕಾಣಲಿಲ್ಲ. ಪಿಷ್ಟವಿಲ್ಲದೆ ಒಂದು ವರ್ಷ ಬದುಕಬಹುದೆಂದು ಇದರಿಂದ ತಿಳಿಯಿತು. ಆದರೆ ರಕ್ತನಾಳದೊಳಗಿನ ರೋಗ ಬೆಳೆಯುವುದು ದಶಕಗಳ ಲೆಕ್ಕದಲ್ಲಿ. ಇಬ್ಬರು ಮನುಷ್ಯರ ಒಂದು ವರ್ಷ ಆ ವಿಷಯದಲ್ಲಿ ಸಾಕ್ಷಿ ನುಡಿಯಲಾರದು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹೃದಯಾಘಾತ ದೊಡ್ಡ ಚಿಂತೆಯಾಯಿತು. 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ವರ್ಷಾನುವರ್ಷ ಹಿಂಬಾಲಿಸುವ ಅಧ್ಯಯನ ಶುರುವಾಯಿತು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರರಿಗೇ ಹೃದಯಾಘಾತವಾಯಿತು. ಆನ್ಸೆಲ್ ಕೀಸ್ ಏಳು ದೇಶಗಳ ಜನರ ಆಹಾರ ಮತ್ತು ಹೃದ್ರೋಗಗಳನ್ನು ಹೋಲಿಸಿ, ಬೆಣ್ಣೆ ಮತ್ತು ಮಾಂಸಗಳಲ್ಲಿ ಹೆಚ್ಚಾಗಿರುವ ಸಂತೃಪ್ತ ಕೊಬ್ಬಿನ ಕಡೆಗೆ ಗಮನ ಸೆಳೆದರು. ಆಹಾರದಲ್ಲಿರುವ ಕೊಲೆಸ್ಟ್ರಾಲಿಗಿಂತ ಆಹಾರದ ಕೊಬ್ಬಿನ ಬಗೆಯೇ ಮನುಷ್ಯನ ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚು ಬದಲಿಸುತ್ತದೆಂಬುದು ಅವರ ನಿಲುವಾಗಿತ್ತು. ಸಾರ್ವಜನಿಕ ಪ್ರಚಾರದಲ್ಲಿ ಈ ಭೇದ ಮಸುಕಾಯಿತು. ಮೊಟ್ಟೆಯ ಹಳದಿ ಭಾಗ ದಶಕಗಳ ಕಾಲ ಅಪರಾಧಿಯ ಸ್ಥಾನದಲ್ಲಿ ನಿಂತಿತು. ದಿನಕ್ಕೆ 300 ಮಿಲಿಗ್ರಾಂ ಎಂಬ ಆಹಾರ ಕೊಲೆಸ್ಟ್ರಾಲಿನ ಮಿತಿಯನ್ನು ಅಮೆರಿಕದ ಅಧಿಕೃತ ಆಹಾರ ಸೂಚಿ ಕೈಬಿಟ್ಟದ್ದು 2015ರ ಆವೃತ್ತಿಯಲ್ಲಿ.

ಇಷ್ಟರಲ್ಲಿ ಕೊಲೆಸ್ಟ್ರಾಲ್ ಎಂಬ ಒಂದೇ ಅಂಕೆಯೂ ಒಡೆದು ಹಲವಾಗಿತ್ತು. ಕೊಲೆಸ್ಟ್ರಾಲ್ ರಕ್ತದಲ್ಲಿ ತಾನಾಗಿ ಕರಗದು. ಪ್ರೋಟೀನಿನ ಹೊದಿಕೆಯುಳ್ಳ ಕಣಗಳ ಮೇಲೇರಿ ಸಾಗುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಗೋಫ್ಮನ್ 1950ರ ಸುಮಾರಿಗೆ ಅತಿವೇಗದ ಯಂತ್ರದಲ್ಲಿ ರಕ್ತದ್ರವವನ್ನು ತಿರುಗಿಸಿ ಈ ಕಣಗಳನ್ನು ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸಿದರು. ಎಲ್‌ಡಿಎಲ್, ಎಚ್‌ಡಿಎಲ್ ಎಂದು ಇಂದು ನಾವು ವರದಿಯಲ್ಲಿ ಓದುವ ಹೆಸರುಗಳ ಮೂಲ ಇಲ್ಲಿದೆ. 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೀಟ್ ಆರೆನ್ಸ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ತಿಳಿಸಿದರು. ರಕ್ತದ ಮತ್ತೊಂದು ಕೊಬ್ಬಾದ ಟ್ರೈಗ್ಲಿಸರೈಡನ್ನು ಕೆಲವರಲ್ಲಿ ಏರಿಸುವುದು ತಿಂದ ಕೊಬ್ಬಲ್ಲ, ತಿಂದ ಪಿಷ್ಟ ಮತ್ತು ಸಕ್ಕರೆ. ಎರಡು ಚರಿತ್ರೆಗಳು ಪರಸ್ಪರ ಹತ್ತಿರ ಬಂದದ್ದು ಇಲ್ಲಿ. ಆದರೂ ಆ ಕಾಲದ ಗಮನವೆಲ್ಲ ಒಟ್ಟು ಕೊಲೆಸ್ಟ್ರಾಲಿನ ಮೇಲಿತ್ತು.

1972ರಲ್ಲಿ ಎರಡು ಪ್ರಕಟಣೆಗಳು ಹೊರಬಂದವು. ಒಂದು, ನ್ಯೂಯಾರ್ಕಿನ ಹೃದ್ರೋಗತಜ್ಞ ರಾಬರ್ಟ್ ಆಟ್ಕಿನ್ಸ್ ಬರೆದ ಪಥ್ಯದ ಪುಸ್ತಕ. ಪಿಷ್ಟ ಬಿಡಿ, ಬೆಣ್ಣೆ, ಮೊಟ್ಟೆ, ಮಾಂಸಗಳಿಗೆ ಅಂಜಬೇಡಿ ಎಂದ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮರುವರ್ಷವೇ ಅಮೆರಿಕದ ವೈದ್ಯರ ಸಂಘ ಅದನ್ನು ಕಟುವಾಗಿ ಟೀಕಿಸಿತು. ಇನ್ನೊಂದು, ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರ ಚಿಕ್ಕದೊಂದು ಸೂತ್ರ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲನ್ನು ಕಳೆ, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆ, ಉಳಿದದ್ದು ಎಲ್‌ಡಿಎಲ್. ದುಬಾರಿ ಯಂತ್ರವಿಲ್ಲದ ಪ್ರಯೋಗಾಲಯವೂ ಇದರಿಂದ ಎಲ್‌ಡಿಎಲ್ ಹೇಳಬಹುದಾಯಿತು. ಇಂದಿಗೂ ಅನೇಕ ವರದಿಗಳಲ್ಲಿ ಎಲ್‌ಡಿಎಲ್ ಅಳೆದ ಅಂಕೆಯಲ್ಲ, ಹೀಗೆ ಲೆಕ್ಕ ಹಾಕಿದ ಅಂಕೆ.

ಈ ಲೆಕ್ಕ ಪಿಷ್ಟ ಬಿಟ್ಟವರಿಗೆ ಏಕೆ ಮುಖ್ಯ? ಒಂದು ಕಲ್ಪಿತ ಉದಾಹರಣೆ ನೋಡೋಣ. ಪಥ್ಯಕ್ಕೆ ಮೊದಲು ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200. ಸೂತ್ರದ ಎಲ್‌ಡಿಎಲ್ 120. ಪಥ್ಯದ ನಂತರ ಒಟ್ಟು ಅದೇ 200, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 80, ಎಲ್‌ಡಿಎಲ್ 139. ಎಲ್‌ಡಿಎಲ್ ಹತ್ತೊಂಬತ್ತು ಏರಿತೆಂದು ಮನೆಯವರು ಗಾಬರಿಯಾಗುತ್ತಾರೆ. ಒಟ್ಟು ಮೊತ್ತದಿಂದ ಎಚ್‌ಡಿಎಲನ್ನಷ್ಟೇ ಕಳೆದರೆ ಮೊದಲು 160 ಇದ್ದದ್ದು ಈಗ 155 ಆಗಿದೆ. ರಕ್ತನಾಳಕ್ಕೆ ತೊಂದರೆ ಕೊಡಬಲ್ಲ ಕಣಗಳೆಲ್ಲ ಹೊತ್ತ ಕೊಲೆಸ್ಟ್ರಾಲಿನ ಮೊತ್ತ ಇದು. ಇಲ್ಲಿ ಹೊರೆ ಹೆಚ್ಚಿಲ್ಲ, ಹಂಚಿಕೆ ಬದಲಾಗಿದೆ. ಆದರೆ ಎಲ್‌ಡಿಎಲ್ 120ರಿಂದ 220ಕ್ಕೆ ಏರಿದ್ದರೆ ಈ ಸಮಾಧಾನ ಸಲ್ಲದು. ಅದನ್ನು ಯಾವ ಸೂತ್ರದ ಮೇಲೂ ಹೊರಿಸಲಾಗದು.

ಪಥ್ಯವನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಕೆಲಸ ತಡವಾಗಿ ಬಂತು. ಆಟ್ಕಿನ್ಸ್ 2003ರ ಏಪ್ರಿಲಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 63 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ ಪ್ರಕಟವಾಯಿತು. ಆರು ತಿಂಗಳಲ್ಲಿ ಪಿಷ್ಟ ಬಿಟ್ಟವರು ಕೊಬ್ಬು ಕಡಿಮೆ ಮಾಡಿದವರಿಗಿಂತ ಹೆಚ್ಚು ತೂಕ ಇಳಿದಿದ್ದರು. ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಪಿಷ್ಟ ಬಿಟ್ಟವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು ಇಳಿಯಿತು, ಎಚ್‌ಡಿಎಲ್ ಹೆಚ್ಚು ಏರಿತು. 2008ರಲ್ಲಿ ಇಸ್ರೇಲಿನಿಂದ 322 ಮಂದಿಯ ಎರಡು ವರ್ಷಗಳ ಅಧ್ಯಯನ ಬಂತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 2.9 ಕಿಲೋ, ಪಿಷ್ಟ ಕಡಿಮೆ ಮಾಡಿದವರು 4.7 ಕಿಲೋ ಇಳಿದರು. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್‌ಗಳ ಅನುಪಾತವೂ ಎರಡನೆಯ ಗುಂಪಿನಲ್ಲಿ ಹೆಚ್ಚು ಸುಧಾರಿಸಿತು. ಆ ಗುಂಪಿಗೆ ಕೊಬ್ಬು ಮತ್ತು ಪ್ರೋಟೀನುಗಳನ್ನು ಸಸ್ಯಮೂಲಗಳಿಂದ ಪಡೆಯಲು ಸಲಹೆಯಿತ್ತು. ಈ ಫಲಿತಾಂಶವನ್ನು ಉದ್ಧರಿಸುವವರು ಈ ಸಲಹೆಯನ್ನು ಮರೆಯುವುದುಂಟು.

ದೇಹದೊಳಗೆ ನಡೆಯುವುದನ್ನು ಹೀಗೆ ಸಂಗ್ರಹಿಸಬಹುದು. ಪಿಷ್ಟ ಕಡಿಮೆಯಾದರೆ ಯಕೃತ್ತು ಟ್ರೈಗ್ಲಿಸರೈಡ್ ತಯಾರಿಸಿ ರಕ್ತಕ್ಕೆ ಬಿಡುವುದು ಕಡಿಮೆಯಾಗುತ್ತದೆ. ಅದರೊಡನೆ ಎಚ್‌ಡಿಎಲ್ ತುಸು ಏರುತ್ತದೆ. ಎಲ್‌ಡಿಎಲ್‌ನ ಗತಿ ಬೇರೆ. ಅದನ್ನು ರಕ್ತದಿಂದ ಹಿಡಿದು ಒಳಗೆಳೆಯುವ ಗ್ರಾಹಕಗಳು ಜೀವಕೋಶಗಳ, ಮುಖ್ಯವಾಗಿ ಯಕೃತ್ತಿನ, ಮೇಲ್ಮೈಯಲ್ಲಿವೆ. ಇದನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನರಿಗೆ 1985ರಲ್ಲಿ ನೊಬೆಲ್ ಬಂತು. ಸಂತೃಪ್ತ ಕೊಬ್ಬು ಹೆಚ್ಚಿದರೆ ಈ ಗ್ರಾಹಕಗಳ ಕೆಲಸ ಕುಗ್ಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ತೂಕ ವೇಗವಾಗಿ ಇಳಿಯುವಾಗ ಮೈಯ ಕೊಬ್ಬಿನಲ್ಲಿ ಕೂಡಿಟ್ಟ ಕೊಲೆಸ್ಟ್ರಾಲೂ ಹೊರಬಂದು ಅಂಕೆ ಕೆಲಕಾಲ ಏರಬಹುದು. ತೂಕ ನೆಲೆನಿಂತ ಮೇಲೆ ಆ ಏರಿಕೆ ಇಳಿಯುತ್ತದೆ. ತೆಳ್ಳಗಿನ ಮೈಯವರು ಪಿಷ್ಟವನ್ನು ಬಹುಮಟ್ಟಿಗೆ ಬಿಟ್ಟಾಗ ಕೆಲವರಲ್ಲಿ ಎಲ್‌ಡಿಎಲ್ ವಿಪರೀತ ಏರುವುದನ್ನೂ ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು ದಾಖಲಿಸಿದ್ದಾರೆ. ಬೊಜ್ಜು ಹೆಚ್ಚಿರುವವರಲ್ಲಿ ಇಂತಹ ಏರಿಕೆ ಅಪರೂಪ.

ಏರಿದ ಎಲ್‌ಡಿಎಲನ್ನು ತೂಕ ಇಳಿದ ಸಂತೋಷ ಅಳಿಸಿಹಾಕುತ್ತದೆಯೇ? ಈ ಪ್ರಶ್ನೆಗೆ ಚರಿತ್ರೆಯ ಉತ್ತರ ಸ್ಪಷ್ಟವಾಗಿದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಶಿಲೀಂಧ್ರವೊಂದರಿಂದ ಪಡೆದ ವಸ್ತುವಿನಿಂದ ಸ್ಟ್ಯಾಟಿನ್ ಔಷಧಗಳ ದಾರಿ ತೆರೆಯಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲಿನ ಪ್ರಯೋಗದಲ್ಲಿ ಸ್ಟ್ಯಾಟಿನ್ ಎಲ್‌ಡಿಎಲನ್ನು ಇಳಿಸಿತು. ಸಾವುಗಳು ಶೇಕಡ 30ರಷ್ಟು ಕಡಿಮೆಯಾದವು. ಹುಟ್ಟಿನಿಂದಲೇ ಗ್ರಾಹಕಗಳ ಕೊರತೆಯಿರುವ ಕುಟುಂಬಗಳಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾಗುವುದು ಬ್ರೌನ್ ಮತ್ತು ಗೋಲ್ಡ್‌ಸ್ಟೀನರ ಸಂಶೋಧನೆಯ ಆರಂಭಬಿಂದುವೇ ಆಗಿತ್ತು. ಆಹಾರದ ಕೊಲೆಸ್ಟ್ರಾಲಿನ ಮೇಲಿನ ಆರೋಪ ಸಡಿಲವಾಯಿತು ನಿಜ. ರಕ್ತದ ಎಲ್‌ಡಿಎಲ್‌ನ ಮೇಲಿನ ಆರೋಪ ಗಟ್ಟಿಯಾಗುತ್ತಲೇ ಬಂದಿದೆ. ಇವೆರಡನ್ನು ಬೆರೆಸಿ ಮಾತನಾಡುವುದರಿಂದಲೇ ಮಾತ್ರೆ ಬಿಡುವ ಅಪಾಯ ಹುಟ್ಟುತ್ತದೆ. ಎಲ್‌ಡಿಎಲ್ ಏರಿಕೆಗೆ ನೋವಿಲ್ಲ, ಸುಸ್ತಿಲ್ಲ. ಮೈ ಹಗುರವಾದವರಿಗೆ ತಾವು ಎಂದಿಗಿಂತ ಚೆನ್ನಾಗಿದ್ದೇವೆ ಎನಿಸುವ ದಿನಗಳಲ್ಲೇ ಅದು ತನ್ನ ಕೆಲಸ ನಡೆಸಬಲ್ಲದು.

ನಮ್ಮವರಿಗೆ ಈ ಕತೆ ದೂರದ್ದಲ್ಲ. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ತಿಳಿಸಿದಂತೆ, ವಯಸ್ಕರಲ್ಲಿ ಶೇಕಡ 81ರಷ್ಟು ಮಂದಿಗೆ ರಕ್ತದ ಕೊಬ್ಬಿನ ಯಾವುದಾದರೊಂದು ಅಂಕೆ ಸರಿಯಿಲ್ಲ. ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್ ಭಾರತೀಯರಲ್ಲಿ ವ್ಯಾಪಕ. ಅದೇ ಸಮೀಕ್ಷೆಯ ಆಹಾರದ ಭಾಗದ ಪ್ರಕಾರ ನಮ್ಮ ನಿತ್ಯದ ಶಕ್ತಿಯಲ್ಲಿ ಶೇಕಡ 62ರಷ್ಟು ಪಿಷ್ಟ ಮತ್ತು ಸಕ್ಕರೆಗಳಿಂದ ಬರುತ್ತದೆ. ಹಾಗಾಗಿ ಅನ್ನದ ಪ್ರಮಾಣ ತಗ್ಗಿಸಿ ಎಂಬ ಸಲಹೆಗೆ ನಮ್ಮಲ್ಲಿ ಬಲವಾದ ಕಾರಣವಿದೆ. ಅನ್ನ ತೆರವು ಮಾಡಿದ ಜಾಗಕ್ಕೆ ಏನು ಬರುತ್ತದೆ ಎಂಬುದೇ ಮುಂದಿನ ಪ್ರಶ್ನೆ. ಕಾಳು, ಸೊಪ್ಪು, ಶೇಂಗಾ, ಮೊಸರು, ಮೀನು ಬಂದರೆ ಒಂದು ಫಲ. ಚಮಚಗಟ್ಟಲೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಬಂದರೆ ಇನ್ನೊಂದು ಫಲ. ತಕ್ಕಡಿ ಇವೆರಡರ ಭೇದವನ್ನು ಹೇಳದಿರಬಹುದು, ರಕ್ತ ಹೇಳುತ್ತದೆ.

ಆದ್ದರಿಂದ ಪಥ್ಯ ಹಿಡಿಯುವವರು ಮೊದಲೊಮ್ಮೆ ರಕ್ತಪರೀಕ್ಷೆ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಹೋಲಿಸಲು ಹಳೆಯ ಅಂಕೆ ಇಲ್ಲದಿದ್ದರೆ ಹೊಸ ಅಂಕೆಗೆ ಅರ್ಥ ಹಚ್ಚುವುದು ಕಷ್ಟ. ತೂಕ ನೆಲೆನಿಂತ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ನಾಲ್ಕೂ ಅಂಕೆಗಳನ್ನು ಒಟ್ಟಿಗೆ ಓದಬೇಕು. ಆಗಲೂ ಎಲ್‌ಡಿಎಲ್ ಎತ್ತರದಲ್ಲೇ ಇದ್ದರೆ ಪಥ್ಯವನ್ನು ಪೂರ್ತಿ ಬಿಡಬೇಕಾಗಿಲ್ಲ. ಕೊಬ್ಬಿನ ಬಗೆ ಬದಲಿಸಿ, ವೈದ್ಯರೊಡನೆ ಮಾತನಾಡಿ, ಅವರು ಮಾತ್ರೆ ಬೇಕೆಂದರೆ ತೆಗೆದುಕೊಳ್ಳಬಹುದು. ಮಧುಮೇಹಕ್ಕೆ ಔಷಧ ಪಡೆಯುತ್ತಿರುವವರು ಪಿಷ್ಟ ತಗ್ಗಿಸುವ ಮೊದಲೇ ವೈದ್ಯರನ್ನು ಕೇಳಬೇಕು, ಏಕೆಂದರೆ ಹಳೆಯ ಪ್ರಮಾಣದ ಔಷಧ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಬ್ಯಾಂಟಿಂಗರಿಗೆ ತಕ್ಕಡಿಯೊಂದೇ ಸಾಕ್ಷಿಯಾಗಿತ್ತು, ಬೇರೆ ಸಾಕ್ಷಿ ಆ ಕಾಲದಲ್ಲಿ ದೊರೆಯುವಂತಿರಲಿಲ್ಲ. ನಮಗೆ ಎರಡೂ ದೊರೆಯುತ್ತವೆ, ಎರಡನ್ನೂ ಕೇಳುವುದು ಲೇಸು.