ನಿಕ್ಕಾರ್ ೪೩-೮೬: ಒಂದು ಜೂಮ್ ಮಸೂರದ ವೃತ್ತಾಂತ

೧೯೬೩ನೆಯ ಇಸವಿಯ ಜನವರಿ ತಿಂಗಳಲ್ಲಿ ಜಪಾನಿನ ನಿಪ್ಪಾನ್ ಕೋಗಾಕು ಸಂಸ್ಥೆಯವರು ನಿಕ್ಕಾರ್ ಎಂಬ ಹೆಸರಿನ ತಮ್ಮ ಮಸೂರಗಳ ಸಾಲಿಗೆ ಹೊಸದೊಂದನ್ನು ಸೇರಿಸಿದರು. ಅದರ ಕೊಳವೆಯ ಮೇಲೆ ಒಂದು ಅಂಕಿಯಿರಬೇಕಾದಲ್ಲಿ ಎರಡಿದ್ದುವು: ೪೩ ಮತ್ತು ೮೬. ಬಹುದೂರದ ವಸ್ತುವಿನ ಬಿಂಬವು ಮಸೂರದಿಂದ ಎಷ್ಟು ಅಂತರದಲ್ಲಿ ಸ್ಫುಟವಾಗಿ ಮೂಡುವುದೋ ಅದನ್ನು ನಾಭಿದೂರವೆನ್ನುವರು. ಅದು ಕಿರಿದಾದಷ್ಟೂ ಚಿತ್ರದಲ್ಲಿ ಹೆಚ್ಚು ವಿಸ್ತಾರವಾದ ನೋಟವು ಅಡಗುವುದು. ಹಿರಿದಾದಷ್ಟೂ ದೂರದ ವಸ್ತುವು ದೊಡ್ಡದಾಗಿ ಕಾಣುವುದು. ಸಾಮಾನ್ಯವಾದ ಮಸೂರಕ್ಕೆ ಒಂದೇ ನಾಭಿದೂರ. ಈ ಹೊಸ ಮಸೂರಕ್ಕಾದರೋ ೪೩ ಮಿಲಿಮೀಟರಿನಿಂದ ೮೬ ಮಿಲಿಮೀಟರಿನವರೆಗಿನ ನಡುವಣ ನಾಭಿದೂರಗಳೆಲ್ಲವೂ ವಶವಾಗಿದ್ದುವು. ಮುಂದೆ ಅದಕ್ಕೆ ಬಂದ ಕೀರ್ತಿಗೂ ಅಪಕೀರ್ತಿಗೂ ಇದೇ ಮೂಲ.

ಇಂಥ ಮಸೂರದ ಯೋಚನೆ ಆಗ ಹೊಸದಾಗಿರಲಿಲ್ಲ. ಅಮೆರಿಕದ ಕ್ಲೈಲ್ ಅಲೆನ್ ಎಂಬಾತನು ೧೯೦೨ರಲ್ಲಿಯೇ ಈ ಬಗೆಯ ರಚನೆಯೊಂದಕ್ಕೆ ಪೇಟೆಂಟು ಪಡೆದಿದ್ದನು. ೧೯೩೨ರಲ್ಲಿ ಕುಕ್ ವಾರೋ ಎಂಬ ಮಸೂರವು ಚಲನಚಿತ್ರ ತೆಗೆಯುವವರ ಕೈಗೆ ಬಂದಿತು. ಮೊದಲು ಚಲನಚಿತ್ರಕ್ಕೇ ಇದು ಒದಗಿದುದರಲ್ಲಿ ಆಶ್ಚರ್ಯವಿಲ್ಲ. ತೆರೆಯ ಮೇಲೆ ಒಂದು ಚಿತ್ರದ ಕುಂದು ಕಣ್ಣಿಗೆ ಸಿಕ್ಕುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ನಿಶ್ಚಲಚಿತ್ರಕ್ಕೆ ಆ ರಕ್ಷಣೆಯಿಲ್ಲ; ಹಿರಿದು ಮಾಡಿ ಗೋಡೆಗೆ ತೂಗುಹಾಕಿದ ಮೇಲೆ ನೋಡುವವನು ಅದರ ಮೂಲೆಮೂಲೆಗಳನ್ನೂ ಬಿಡುವಾಗಿ ಪರೀಕ್ಷಿಸಬಲ್ಲನು. ಇದಲ್ಲದೆ, ಮಸೂರದ ಹಿಂದೆ ಓರೆಯಾಗಿ ನಿಂತು ಬಿಂಬವನ್ನು ಕಣ್ಣಿನತ್ತ ತಿರುಗಿಸುವ ಕನ್ನಡಿಯುಳ್ಳ ಕ್ಯಾಮರಾ ಬಳಕೆಗೆ ಬರುವವರೆಗೆ, ಹಿಗ್ಗಿ ಕುಗ್ಗುವ ನೋಟವನ್ನು ಇದ್ದಂತೆಯೇ ಕಾಣುವ ಸುಲಭೋಪಾಯವಿರಲಿಲ್ಲ. ಕನ್ನಡಿ ಬಂದಮೇಲೆ ಬೇರೊಂದು ತೊಡಕು: ಅದು ಮೇಲೆ ಕೆಳಗೆ ಆಡುವುದಕ್ಕೆ ಮಸೂರಕ್ಕೂ ಫಿಲ್ಮಿಗೂ ನಡುವೆ ಸ್ಥಳವನ್ನು ಬಿಡಬೇಕಾಯಿತು.

ನಿಶ್ಚಲಚಿತ್ರದ ೩೫ ಮಿಲಿಮೀಟರ್ ಕ್ಯಾಮರಾಕ್ಕೆ ಮಾರಾಟಕ್ಕೆ ಬಂದ ಮೊದಲನೆಯ ಜೂಮ್ ಮಸೂರವು ೧೯೫೯ರ ಜೂಮರ್. ವಿಯನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಫ್ರಾಂಕ್ ಬ್ಯಾಕ್ ಎಂಬಾತನು ಅದನ್ನು ರಚಿಸಿದನು. ಜರ್ಮನಿಯ ಫೋಕ್ಟ್‌ಲೆಂಡರ್ ಸಂಸ್ಥೆಯು ತಯಾರಿಸಿತು. (ಜೂಮ್ ಎಂಬ ಮಾತು ವಿಮಾನ ಹಾರಿಸುವವರದು. ವಿಮಾನವು ಒಮ್ಮೆಗೇ ಕಡಿದಾಗಿ ಮೇಲೇರುವುದನ್ನು ಅವರು ಹಾಗೆನ್ನುತ್ತಿದ್ದರು.) ನಾಭಿದೂರವನ್ನು ಬದಲಾಯಿಸಲು ಕೊಳವೆಯೊಳಗಿನ ಗಾಜುಗಳಲ್ಲಿ ಕೆಲವನ್ನು ಸರಿಸಬೇಕು; ಸರಿಸಿದ ಕೂಡಲೇ ಬಿಂಬವು ಫಿಲ್ಮನ್ನು ಬಿಟ್ಟು ಹಿಂದೆಮುಂದೆ ಸರಿಯುವುದು. ಬ್ಯಾಕನು ಚಲಿಸುವ ಗಾಜುಗಳನ್ನು ಒಂದಕ್ಕೊಂದು ಕಟ್ಟಿ, ಅವುಗಳ ನಡುವೆ ಅಚಲವಾದ ಗಾಜುಗಳನ್ನಿಟ್ಟು, ಒಂದರಿಂದಾದ ಅಂತರವನ್ನು ಮತ್ತೊಂದು ಹೆಚ್ಚುಕಡಮೆ ಸರಿತೂಗುವಂತೆ ಮಾಡಿದನು. ಉಪಾಯವು ಜಾಣತನದ್ದೇ, ಆದರೆ ಅದಕ್ಕೆ ೧೪ ಗಾಜುಗಳು ಬೇಕಾದುವು, ಮುಂಬದಿಗೆ ಹಾಕುವ ಬಣ್ಣದ ಗಾಜು ೯೫ ಮಿಲಿಮೀಟರ್ ಅಗಲವಾಯಿತು, ತೂಕ ಮುಕ್ಕಾಲು ಕಿಲೋಗ್ರಾಮನ್ನು ಮೀರಿತು. ಅದನ್ನು ತೊಡಿಸಿದ ಕ್ಯಾಮರಾವು ಮಸೂರದ ಬಾಲದಂತೆ ಕಾಣುತ್ತಿತ್ತು.

ನಿಪ್ಪಾನ್ ಕೋಗಾಕುವಿನಲ್ಲಿ ಈ ಕಾರ್ಯವು ತಕಾಶಿ ಹಿಗುಚಿ ಎಂಬ ರಚನಕಾರನ ಪಾಲಿಗೆ ಬಂದಿತು. ೩೫ರಿಂದ ೮೫ರವರೆಗಿನ ಮಸೂರವೊಂದನ್ನು ಸಂಸ್ಥೆಯು ಮೊದಲು ಪ್ರಕಟಪಡಿಸಿತ್ತು. ದೊಡ್ಡದಾದ ಆ ಮಸೂರವು ಅಂಗಡಿಗೆ ಬರಲೇ ಇಲ್ಲ. ಆಮೇಲಿನ ರಚನೆಯಲ್ಲಿ ಆಸೆಯನ್ನು ಬೇಕೆಂದೇ ಮೊಟಕುಗೊಳಿಸಲಾಯಿತು. ೨೪ಕ್ಕೆ ೩೬ ಮಿಲಿಮೀಟರಿನ ಚಿತ್ರದ ಕರ್ಣರೇಖೆಯು ಸುಮಾರು ೪೩ ಮಿಲಿಮೀಟರ್. ಅಲ್ಲಿಂದ ಮೊದಲುಮಾಡಿ ಅದರ ಇಮ್ಮಡಿಗೆ ನಿಲ್ಲಿಸಿದರು. ಗಾಜುಗಳು ಒಂಬತ್ತೇ, ತೂಕ ಸುಮಾರು ೪೧೦ ಗ್ರಾಮ್. ಬಣ್ಣದ ಗಾಜಿನ ಅಳತೆ ಸಂಸ್ಥೆಯ ಇತರ ಅನೇಕ ಮಸೂರಗಳಂತೆ ೫೨ ಮಿಲಿಮೀಟರ್. ಮನೆಯಲ್ಲಿದ್ದುದೇ ಇದಕ್ಕೂ ಸಾಕು. ಬೆಳಕಿನ ದ್ವಾರದ ಪ್ರಮಾಣವು ಎರಡು ಕೊನೆಗಳಲ್ಲಿಯೂ ೩.೫ ಆಗಿಯೇ ಇರುತ್ತಿತ್ತು. ಒಂದೇ ಬಳೆಯನ್ನು ತಿರುಗಿಸಿದರೆ ಬಿಂಬವು ಸ್ಫುಟವಾಗುವುದು, ಜಾರಿಸಿದರೆ ನೋಟವು ಹಿಗ್ಗಿ ಕುಗ್ಗುವುದು. ಅನುಭವಿಗಳು ೮೬ರಲ್ಲಿ ಬಿಂಬವನ್ನು ದೊಡ್ಡದಾಗಿ ಕಂಡು ಸ್ಫುಟಗೊಳಿಸಿ, ಅನಂತರ ಬೇಕಾದ ನೋಟಕ್ಕೆ ಜಾರಿಸುತ್ತಿದ್ದರು. ಅದೇ ವರ್ಷ ಈ ಮಸೂರವನ್ನು ಬಿಚ್ಚಲಾಗದಂತೆ ಕೂಡಿಸಿದ ನಿಕ್ಕೊರೆಕ್ಸ್ ಜೂಮ್ ೩೫ ಎಂಬ ಕ್ಯಾಮರಾವೂ ಹೊರಬಿದ್ದಿತು.

ಈ ಸೌಲಭ್ಯಕ್ಕೆ ಬೆಲೆ ತೆರದೆ ಇರಲಿಲ್ಲ. ೪೩ರಲ್ಲಿ ತೆಗೆದ ಚಿತ್ರದ ಅಂಚಿನಲ್ಲಿ ನೆಟ್ಟಗಿನ ಕಂಬವು ಪೀಪಾಯಿಯ ಪಕ್ಕದಂತೆ ಹೊರಕ್ಕೆ ಉಬ್ಬುತ್ತಿತ್ತು. ೮೬ರಲ್ಲಿ ಅದೇ ಕಂಬವು ಒಳಕ್ಕೆ ಬಾಗುತ್ತಿತ್ತು. ಸೂರ್ಯನು ಎದುರಿಗಿದ್ದರೆ ಗಾಜುಗಳ ನಡುವೆ ಬೆಳಕು ಚೆದರಿ ಚಿತ್ರವೆಲ್ಲ ಮಂಕಾಗುವುದು, ಇಲ್ಲವೆ ಬೆಳಕಿನ ಬಿಲ್ಲೆಗಳು ಸಾಲಾಗಿ ಮೂಡುವುವು. ನಿಕ್ಕಾರ್ ಮಸೂರಗಳಲ್ಲೆಲ್ಲ ಇದೇ ಕೀಳೆಂದು ಬಯ್ದವರು ಬಹುಮಂದಿ. ಬೈಗುಳವು ಸುಳ್ಳಲ್ಲ, ಆದರೆ ಅದರಲ್ಲಿ ಅರ್ಧ ಲೆಕ್ಕ ಮಾತ್ರವಿದೆ. ಕಟ್ಟಡವು ನಿಂತಲ್ಲಿಯೇ ನಿಂತಿರುವುದು. ಅದನ್ನು ತೆಗೆಯುವವನು ಬೇಕಾದ ಮಸೂರವನ್ನು ಸಾವಧಾನವಾಗಿ ತೊಡಿಸಬಹುದು. ಮದುವೆಯ ಮನೆಯಲ್ಲಿ ನೆರೆದ ನೆಂಟರನ್ನೆಲ್ಲ ಒಂದು ಚಿತ್ರದಲ್ಲಿ ಸೇರಿಸಿ, ಮರುಕ್ಷಣವೇ ವಧುವಿನ ಮುಖವೊಂದನ್ನೇ ಹಿಡಿಯಬೇಕಾದವನಿಗೆ ಆ ಅವಕಾಶವಿಲ್ಲ. ಅವನು ಮಸೂರವನ್ನು ಕಳಚುವಷ್ಟರಲ್ಲಿ ಆ ಮುಖಭಾವವು ಹೋಗಿರುತ್ತದೆ. ಮುಖಗಳಲ್ಲಿ ನೆಟ್ಟನೆಯ ಗೆರೆಗಳೆಷ್ಟು? ಆದುದರಿಂದ ಪಂಡಿತರು ಬಯ್ಯುತ್ತಿದ್ದಂತೆಯೇ ಮಸೂರವು ವಿಶೇಷವಾಗಿ ಮಾರಾಟವಾಯಿತು. ಜೂಮ್ ಎಂಬುದು ದೂರದರ್ಶನದವರ ಸೊತ್ತಲ್ಲ, ಹವ್ಯಾಸಿಯೂ ಇಟ್ಟುಕೊಳ್ಳಬಹುದಾದ ವಸ್ತುವೆಂದು ತೋರಿಸಿಕೊಟ್ಟ ಮಸೂರಗಳಲ್ಲಿ ಇದು ಮುಖ್ಯವಾದುದು.

೧೯೭೬ರಲ್ಲಿ ರಚನೆಯನ್ನು ಹೊಸದಾಗಿ ಲೆಕ್ಕಹಾಕಿ ಗಾಜುಗಳನ್ನು ಹನ್ನೊಂದಕ್ಕೆ ಏರಿಸಿದರು. ದೋಷಗಳು ಬಹುಮಟ್ಟಿಗೆ ತಗ್ಗಿದುವು. ಅಷ್ಟುಹೊತ್ತಿಗೆ ಹದಿಮೂರು ವರ್ಷದ ಹೆಸರು ಅಂಟಿಕೊಂಡಿತ್ತು. ತಿದ್ದಿದ ಮಸೂರವೂ ತಿದ್ದದುದರ ಅಪಖ್ಯಾತಿಯನ್ನೇ ಹೊರಬೇಕಾಯಿತು. ಈಗಲೂ ಫಿಲ್ಮಿನಲ್ಲಿ ಚಿತ್ರ ತೆಗೆಯುವವರು ಹಳೆಯ ಮಸೂರಗಳ ಅಂಗಡಿಯಲ್ಲಿ ಇದನ್ನು ಕೊಳ್ಳುವುದುಂಟು. ಅವರಲ್ಲಿ ಕೆಲವರು ಹನ್ನೊಂದು ಗಾಜಿನದನ್ನು ಬದಿಗಿಟ್ಟು, ಎದುರುಬಿಸಿಲಿಗೆ ಬಿಲ್ಲೆಗಳ ಸಾಲನ್ನು ಮೂಡಿಸುವ ಒಂಬತ್ತು ಗಾಜಿನದನ್ನೇ ಕೇಳಿ ಪಡೆಯುತ್ತಾರೆ.