ಕೂಟಗಲ್ಲಿನ ಕಲ್ಲು, ಚನ್ನಪಟ್ಟಣದ ನಂಬರು

ಕೂಟಗಲ್ ಹೋಬಳಿಯ ಶಾಸನ ಬೇಕೆಂದು ಯಾರಾದರೂ ಬಂದರೆ, ರಾಮನಗರ ಎಂದು ಹುಡುಕಬೇಡಿ, ಚನ್ನಪಟ್ಟಣದ ಪುಟ ತೆಗೆಯಿರಿ ಅನ್ನುತ್ತೇನೆ. ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ ಹೊರತಂದಾಗ ರಾಮನಗರ ಇನ್ನೂ ಕ್ಲೋಸ್‌ಪೇಟೆ, ಚನ್ನಪಟ್ಟಣ ತಾಲ್ಲೂಕಿನ ಕೈಕೆಳಗಿತ್ತು. ಮಾಗಡಿಗೂ ಕಾನಕಾನಹಳ್ಳಿಗೂ ಪ್ರತ್ಯೇಕ ಭಾಗ ಸಿಕ್ಕಿತು, ನಮಗೆ ಇಲ್ಲ.

ರೈಸ್ ಸಾಹೇಬರು ಮೈಸೂರು ಸಂಸ್ಥಾನ, ಕೊಡಗನ್ನೆಲ್ಲ ಜಾಲಾಡಿಸಿ ಸುಮಾರು 9,000 ಶಾಸನ ಸೇರಿಸಿದರು. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಅನುವಾದದಲ್ಲಿ ತಕರಾರು ತೆಗೆಯಲು ಬೇಕಾದಷ್ಟಿದೆ. ಆದರೆ ಮೂಲಪಾಠವನ್ನೂ ಜೊತೆಗೇ ಅಚ್ಚು ಹಾಕಿಸಿದ್ದರಿಂದಲ್ಲವೇ ನಮಗೆ ಆ ಸಲಿಗೆ? ಸರ್ಕಾರದ ಬೀರುವಿನಲ್ಲಿ ಕೊಳೆಯದೆ ಅದು ಹಲವು ಊರಿನ ಗ್ರಂಥಾಲಯ ಸೇರಿತು. ಈಗ ಇಂಟರ್‌ನೆಟ್ ಆರ್ಕೈವ್‌ನಿಂದ ಮೊಬೈಲಿಗೂ ಇಳಿಯುತ್ತದೆ.

ಪಡಿಯಚ್ಚಿನ ಹಣೆಬರಹ ಬೇರೆ. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಕುಳಿಗೆ ಅದು ಕೂರುವವರೆಗೆ ಬ್ರಷ್‌ನಿಂದ ಬಡಿಯಬೇಕು. ಮೇಲೆ ಮಸಿಯ ಉಂಡೆ ಒತ್ತಿದರೆ ಸುತ್ತೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಇಷ್ಟು ಪಾಡುಪಟ್ಟರೆ ಸಿಗುವುದು ಒಂದೋ ಎರಡೋ ಪ್ರತಿ. ಯಾರ ಹತ್ತಿರ ಇರಬೇಕೆಂಬ ಜಗಳ ಹುಟ್ಟುವುದೂ ಅದಕ್ಕೇ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು, ತಮಿಳು ಶಾಸನಗಳ ಪಡಿಯಚ್ಚುಗಳೂ ಬಂದವು. 2021ರಲ್ಲಿ ಮದ್ರಾಸ್ ಹೈಕೋರ್ಟ್‌ನ ಮಧುರೈ ಪೀಠ ಅವನ್ನು ಚೆನ್ನೈಗೆ ಕಳಿಸಿ ಎಂದಿತು. ನನಗದು ತಪ್ಪೆನಿಸಲಿಲ್ಲ. ಓದುವವರಿಗೆ ಹತ್ತಿರವಿರಲಿ. ಎಲ್ಲಕ್ಕೂ ಒಳ್ಳೆಯ ಸ್ಕ್ಯಾನ್ ಮೊದಲೇ ಸಾರ್ವಜನಿಕರಿಗೆ ಸಿಕ್ಕಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತೇ ಅನ್ನುವುದು ಬೇರೆ ಮಾತು.

2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಮ್ಮ ಸೀಮೆಯನ್ನೂ ಸೇರಿಸಿಕೊಂಡು ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಬೇಕಾದ ಕಡೆಯಿಂದ ಬೆಳಕು ಬೀಳಿಸಿ ಸವೆದ ಅಕ್ಷರ ಓದಬಹುದು. ಕಾಗದ ಬಡಿದವರಿಗೆ ಈ ಭಾಗ್ಯ ಇರಲಿಲ್ಲ.

ವಿಳಾಸದ ತೊಡಕು ಮಾತ್ರ ಹಾಗೇ ಇದೆ. ಕಲ್ಲು ನಿಂತಲ್ಲೇ ನಿಂತಿದ್ದರೂ ಜಿಲ್ಲೆ ಮೊದಲು ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಊರ ಹುಡುಗರು ವೀರಗಲ್ಲಿನ ಫೋಟೊ ತೆಗೆದು, “ಇದನ್ನ ಎಲ್ಲಿಗೆ ಹಾಕನ, ಮೇಷ್ಟ್ರೇ?” ಎಂದು ಕೇಳುತ್ತಾರೆ. ವಾಟ್ಸ್‌ಆಪ್ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳಬೇಡ್ರಪ್ಪ, ಸೊಸೈಟಿಗೂ ಕಳಿಸಿ, ವಿಕಿಮೀಡಿಯ ಕಾಮನ್ಸ್‌ಗೂ ಏರಿಸಿ ಅನ್ನುತ್ತೇನೆ. ಅದಕ್ಕೂ ಮೊದಲು ಊರು, ಹೋಬಳಿ, ಸರ್ವೆ ನಂಬರು, ಜಿಪಿಎಸ್ ಬರೆಯಬೇಕು. ರೈಸ್ ಕೊಟ್ಟ ಚನ್ನಪಟ್ಟಣದ ನಂಬರಿದ್ದರೆ ಅದನ್ನೂ.