ಕೋನ್ ಬರೂದಕ್ಕಿಂತ ಮೊದಲಿನ ಮದುಮಗಳ ಕೈ

ಹೋದ ವರ್ಷ ನಮ್ಮ ನಾದಿನಿ ಮಗಳಿಗೆ ಮದುವಿ ಮುಂದ ಮೊಣಕೈ ತನಕ ಮದರಂಗಿ ಹಾಕಿಸಿದ್ರು. ನವಿಲು, ಪಲ್ಲಕ್ಕಿ, ಬಳ್ಳಿಯೊಳಗ ಮುಚ್ಚಿಟ್ಟ ಮದುಮಗನ ಹೆಸರು, ಎಲ್ಲಾ ಇದ್ದವು. ಐದು ತಾಸು ಕೂತಾಳ ಆ ಹುಡುಗಿ, ನೀರು ಸೈತ ನಾನ ಕುಡಿಸಿದೆ. ನಮ್ಮತ್ತಿಯವರು ನೋಡಿ, "ನಮಗೆಲ್ಲಿತ್ತವಾ ಇಷ್ಟೆಲ್ಲಾ! ಅಂಗೈಯಾಗ ಒಂದು ಚಂದಪ್ಪ, ಬೆರಳಿಗೆ ಟೊಪ್ಪಿಗಿ, ಮುಗೀತು" ಅಂದ್ರು. ಹಂಗಾದ್ರ ಈ ಸಣ್ಣ ಗೆರಿ ಬಂದಿದ್ದರ ಯಾವಾಗ?

ಗಿಡ ಅಂತೂ ಭಾಳ ಹಳೇದು. ಈಜಿಪ್ಟಿನ ಮಮ್ಮಿಗಳ ಕೂದಲಿನಾಗೂ ಇದರ ಬಣ್ಣ ಸಿಕ್ಕೈತಿ. 1753ರಾಗ ಲಿನೇಯಸ್ ಇದಕ್ಕ ಲಾಸೋನಿಯಾ ಇನರ್ಮಿಸ್ ಅಂತ ಹೆಸರಿಟ್ಟ. ಇನರ್ಮಿಸ್ ಅಂದ್ರ ಮುಳ್ಳಿಲ್ಲದ್ದು. ನಮ್ಮ ಹಿತ್ತಲದ ಮುದಿ ಗಿಡದ ಮುಳ್ಳಿಗೆ ನನ್ನ ಎರಡು ಸೀರಿ ಹರದಾವ, ಆ ಪುಣ್ಯಾತ್ಮ ಎಳೇ ಟೊಂಗಿ ನೋಡಿರಬೇಕು.

ಆದ್ರ ಮೊಘಲರ ಕಾಲದ, ರಾಜಪೂತರ ಹಳೇ ಚಿತ್ರಗಳಾಗ ಹೆಣ್ಮಕ್ಕಳ ಕೈ ನೋಡ್ರಿ, ಬೆರಳ ತುದಿ ಕೆಂಪಗಿರತಾವ, ನಮ್ಮತ್ತಿ ಹೇಳಿದ ಟೊಪ್ಪಿಗಿನ ಅದು. ಒಳಕಲ್ಲಾಗ ಅರೆದ ಹಸಿ ಎಲಿ ಎಷ್ಟಂದ್ರೂ ತರಿತರಿ. ಕಸಬರಿಗಿ ಕಡ್ಡೀಲೆ ಚುಕ್ಕಿ ಇಡಬಹುದು, ಕೂದಲಿನಂಥಾ ಎಳಿ ಎಳ್ಯಾಕ ಬರೂದಿಲ್ಲ. ರಾಜಸ್ಥಾನದ ಹೆಣ್ಮಕ್ಕಳು ಕಡ್ಡೀಲೇ ಚಂದ ಬಿಡಸ್ತಿದ್ರು, ಖರೆ. ಆದ್ರ ಮೊಣಕೈ ತನಕ ಜಾಲರಿ ಹೆಣದಂಗ ಹಾಕೂದು ಸಲೀಸಾಗಿದ್ದು ಬಟ್ಟೀಲೆ ಸೋಸಿದ ನುಣುಪು ಪುಡಿ ಮತ್ತ ಪ್ಲಾಸ್ಟಿಕ್ ಕೋನ್ ಬಂದ ಮ್ಯಾಲ. ಪುಡಿಗೆ ಹೆಸರಾದದ್ದು ರಾಜಸ್ಥಾನದ ಪಾಲಿ ಜಿಲ್ಲಾದ ಸೋಜತ್. 2021ರಾಗ ಅಲ್ಲಿಯ ಮೆಹಂದಿಗೆ ಜಿಐ ಗುರುತೂ ಸಿಕ್ಕೈತಿ.

ಗೆರಿ ಮೊಣಕೈ ಏರಿದ ಮ್ಯಾಲ ಒಂದು ತೊಂದ್ರಿ ಶುರುವಾತು. ಎಲಿಯೊಳಗಿನ ಲಾಸೋನ್ ಅನ್ನೋ ಬಣ್ಣ ಚರ್ಮದ ಮ್ಯಾಲಿನ ಪದರಿಗೆ ಹತ್ತತೈತಿ. ಅಂಗೈಯಾಗ ಆ ಪದರು ದಪ್ಪ, ಅದಕ್ಕ ಅಲ್ಲಿ ಕಡುಗೆಂಪು. ತೋಳಿನಾಗ ತೆಳು, ಅಲ್ಲಿ ಬಣ್ಣನೂ ತೆಳು. ಮೊದಲ ದಿನ ಕಿತ್ತಳಿ ಬಣ್ಣ, ಎರಡು ದಿನಕ್ಕ ಗಾಢ ಆಗೂದು. ಅಷ್ಟು ಕಾಯಾಕ ಯಾರಿಗೂ ತಾಳ್ಮಿ ಇಲ್ಲ. ಅದಕ್ಕ ಕರೀ ಕೋನ್ ಬಂತು. ಕರೀ ಮದರಂಗಿ ಅಂತ ಎಲಿನ ಇಲ್ಲವಾ! ಅದರಾಗ ಕೂದಲ ಡೈದಾಗ ಹಾಕೂ ಪಿಪಿಡಿ ಅನ್ನೋ ರಸಾಯನ ಇರತೈತಿ.

ಇದನ್ನ ನಾನು ಓದಿ ಕಲಿತಿದ್ದಲ್ಲ. ನಾಕು ವರ್ಷದ ಹಿಂದ ಜಾತ್ರ್ಯಾಗ ನನ್ನ ಮಗಳು ಹಟಾ ಮಾಡಿದ್ದಕ್ಕ ನಾನ ರೊಕ್ಕ ಕೊಟ್ಟು ಹಾಕಿಸಿದ್ದೆ. ಮೂರನೇ ದಿನ, ಹೂವಿನ ಗೆರಿ ಹೆಂಗಿತ್ತೋ ಹಂಗ, ಎಸಳಿಗೊಂದು ಎಸಳು ಗುಳ್ಳಿ ಎದ್ದವು. ರಾತ್ರಿ ಕೈ ಎತ್ತಿ ಹಿಡಕೊಂಡು ಅಳತಿತ್ತು ಕೂಸು. ಮುಂದ ಯಾವತ್ತೂ ಕೂದಲಿಗೆ ಡೈ ಮುಟ್ಟಸಬ್ಯಾಡ್ರಿ ಅಂದ್ರು ಡಾಕ್ಟರು. ಕಲಿ ಈಗೂ ಮುಂಗೈ ಮ್ಯಾಲ ಮಸುಕಾಗಿ ಕಾಣತೈತಿ.

ಅಕಿದ ಮದುವಿ ಈಗ ಮುಂದಿನ ತಿಂಗಳ. ಮೊಣಕೈ ತನಕ ಬೇಕಂತ, ಹಾಕಿಸ್ಕೊಳ್ಳಲಿ. ಮನ್ಯಾಗ ನಾನ ಪುಡಿ ಸೋಸಿ ಲಿಂಬಿರಸದಾಗ ಕಲಸಿ ಕೋನ್ ಕಟ್ಟಿ ಕೊಡತೀನಿ, ಎರಡು ದಿನ ಮೊದಲ ಹಾಕ್ರಿ ಅಂತ ಹೇಳೀನಿ. ಎಡ ಅಂಗೈ ನಡುವ ಮಾತ್ರ ರೂಪಾಯಿ ಅಗಲ ಜಾಗಾ ಖಾಲಿ ಬಿಡಬೇಕು. ಅಲ್ಲಿ ಚಂದಪ್ಪ ಇಡಾಕ ಅತ್ತಿಯವರು ಹಿತ್ತಲದ ಎಲಿ ಈಗಿಂದನ ನೋಡಿಟ್ಟಾರ.